ತೋಟದ ಹಸಿರು ಮದುಮಗಳ ಮುಖಕ್ಕೆ ಬಂದರೆ?

ಪ್ರಶ್ನೆ: ಅಡಿಕೆ ತೋಟದಲ್ಲಿ ಮದುವೆ ಜೋಡಿಯ ವಿಡಿಯೋ ತೆಗೆದಿದ್ದೇನೆ. ಮದುಮಗಳ ಮುಖ ಹಸಿರು ಹೊಡೆಯುತ್ತಿದೆ. ದುಡ್ಡು ಕೊಟ್ಟು ತಂದ ಸಿನಿಮಾ ಲಟ್ (ಬಣ್ಣ ಬದಲಿಸುವ ರೆಡಿಮೇಡ್ ಫೈಲು) ಹಾಕಿದರೆ ಮುಖ ಕಿತ್ತಳೆ, ಎಲೆ ನೀಲಿ, ನೆರಳೆಲ್ಲ ಕಪ್ಪು. ಬೇರೆ ಪ್ಲಗಿನ್ ಕೊಳ್ಳಬೇಕಾ? ನನ್ನ ಹತ್ತಿರ ಇರುವುದು ವಿಡಿಯೋ ಎಡಿಟ್ ಮಾಡುವ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ.
– ಓದುಗ, ಸಿದ್ದಾಪುರ

ಉತ್ತರ: ಬೇಡ. ನಿಮಗೆ ಬೇಕಾದದ್ದೆಲ್ಲ ಆ ಉಚಿತ ಆವೃತ್ತಿಯ ಕಲರ್ ಪೇಜಿನಲ್ಲೇ ಇದೆ.

ಶಿರಸಿಯಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವ ನನಗೆ ಈ ತೋಟದ ಬೆಳಕು ಚೆನ್ನಾಗಿ ಗೊತ್ತು. ಸೋಗೆಗೆ, ಮೆಣಸಿನ ಬಳ್ಳಿಗೆ ತಾಗಿ ಬಂದ ಬೆಳಕು ಹಸಿರಾಗಿರುತ್ತದೆ. ಗದ್ದದ ಕೆಳಗೆ, ಕೆನ್ನೆಯ ನೆರಳಿನ ಬದಿಗೆ ಅದು ಎದ್ದು ಕಾಣುತ್ತದೆ. ಲಟ್ ಬರೀ ಒಂದು ಕೋಷ್ಟಕ. ಈ ಬಣ್ಣ ಬಂದರೆ ಆ ಬಣ್ಣ ಮಾಡು, ಅಷ್ಟೇ. ಎದುರಿಗಿರುವುದು ಮುಖವೋ ಎಲೆಯೋ ಅದಕ್ಕೆ ಗೊತ್ತಿಲ್ಲ. ಅದೂ ಅಲ್ಲದೆ, ಮಾರಾಟಕ್ಕಿರುವ ಎಷ್ಟೋ ಲಟ್‌ಗಳನ್ನು ಸೋನಿಯ ಎಸ್-ಲಾಗ್3 ತರದ ಮಂಕು ವಿಡಿಯೋಗೆಂದೇ ಮಾಡಿರುತ್ತಾರೆ. ಮಾಮೂಲಿ ಪ್ರೊಫೈಲಿನಲ್ಲಿ ತೆಗೆದ ವಿಡಿಯೋಗೆ ಹಾಕಿದರೆ ಕಾಂಟ್ರಾಸ್ಟ್ ಎರಡು ಪಟ್ಟು ಬಿದ್ದ ಹಾಗಾಗುತ್ತದೆ. ನಿಮ್ಮ ನೆರಳು ಕಪ್ಪಾಗಿದ್ದು ಇದರಿಂದಲೇ ಇರಬೇಕು.

ಲಟ್ ತೆಗೆದುಬಿಡಿ. ಕಲರ್ ಪೇಜಿನಲ್ಲಿ ಒಂದೊಂದು ಬದಲಾವಣೆ ಮಾಡುವ ಪೆಟ್ಟಿಗೆಗೆ ನೋಡ್ ಎನ್ನುತ್ತಾರೆ. ಮೊದಲ ನೋಡ್‌ನಲ್ಲಿ ಟಿಂಟನ್ನು ಹಸಿರಿಗೆ ಎದುರಾದ ಮೆಜೆಂಟಾ ಕಡೆಗೆ ಸ್ವಲ್ಪ ಸ್ವಲ್ಪ ತಳ್ಳಿ. ಕಣ್ಣು ಮದುಮಗನ ಬಿಳಿ ಪಂಚೆಯ ಮೇಲಿರಲಿ. ಮೂರು ಬಣ್ಣಗಳ ಮಟ್ಟ ತೋರಿಸುವ ಪರೇಡ್ ಸ್ಕೋಪ್‌ನಲ್ಲಿ ಪಂಚೆಯ ಜಾಗದ ಕೆಂಪು, ಹಸಿರು, ನೀಲಿ ಮೂರೂ ಒಂದೇ ಎತ್ತರಕ್ಕೆ ಬಂದರೆ ನಿಲ್ಲಿಸಿ. ಕೆನೆಬಣ್ಣದ ರೇಷ್ಮೆಯಾದರೆ ನೀಲಿ ತುಸು ಕೆಳಗಿರಬೇಕು.

ಆಮೇಲೆ ಇನ್ನೊಂದು ನೋಡ್‌ನಲ್ಲಿ ಮುಖಕ್ಕೆ ಪವರ್ ವಿಂಡೋ (ಆ ಜಾಗವನ್ನಷ್ಟೇ ಆರಿಸುವ ಆಕಾರ) ಹಾಕಿ, ಹೈಲೈಟ್ ಒತ್ತಿ, ಬಣ್ಣ ಯಾವ ಕಡೆ ವಾಲಿದೆಯೆಂದು ತೋರಿಸುವ ವೆಕ್ಟರ್‌ಸ್ಕೋಪ್ ನೋಡಿ. ಅಲ್ಲಿ ಚರ್ಮದ ಬಣ್ಣಕ್ಕೆಂದೇ ಒಂದು ಗೆರೆ ಇದೆ. ಕಪ್ಪಗಿರಲಿ ಬೆಳ್ಳಗಿರಲಿ, ಮನುಷ್ಯರ ಚರ್ಮ ಆ ಗೆರೆಯ ಆಸುಪಾಸಿನಲ್ಲೇ ಬೀಳುತ್ತದೆ. ದೂರ ಹೋಗಿದ್ದರೆ ಹತ್ತಿರಕ್ಕೆ ತನ್ನಿ. ಅರಿಶಿನದ ಮುಖ ಹಳದಿ ಕಡೆ ವಾಲಿದರೆ ಹಾಗೇ ಬಿಡಿ. ಆ ಹಳದಿ ಮನೆಯವರಿಗೆ ಬೇಕು.

ಕೊನೆಗೆ ಎಲೆ. ಒಂದೊಂದು ಬಣ್ಣದ ಗಾಢತೆ ಹೊಂದಿಸುವ ಹ್ಯೂ ವರ್ಸಸ್ ಸ್ಯಾಚುರೇಶನ್ ಕರ್ವ್‌ನಲ್ಲಿ ಹಸಿರನ್ನಷ್ಟೇ ಇಳಿಸಿ. ನಮ್ಮ ತೋಟವನ್ನು ನೀಲಿ ಮಾಡುವುದು ನನಗಂತೂ ಸಹಿಸೋಕಾಗಲ್ಲ. ದಿನಾ ನೋಡುವ ತೋಟ ವಿಡಿಯೋದಲ್ಲೂ ಗುರುತು ಸಿಗಬೇಕು ಅಲ್ವಾ?

ರಾತ್ರಿ ಕಾರ್ಯಕ್ರಮ ಜಾಸ್ತಿ ತೆಗೆಯುತ್ತೀರಾದರೆ ಸ್ಟುಡಿಯೋ ಆವೃತ್ತಿ ಕೊಳ್ಳಿ. ಒಂದೇ ಸಲ ದುಡ್ಡು, ಕಾಳು ಕಾಳು ಕಾಣುವ ವಿಡಿಯೋ ಸರಿಮಾಡುವ ನಾಯ್ಸ್ ರಿಡಕ್ಷನ್ ಅದರಲ್ಲೇ ಬರುತ್ತದೆ. ಕ್ರ್ಯಾಕ್ ಮಾಡಿದ ಪ್ಲಗಿನ್ ಮಾತ್ರ ಹಾಕಲೇಬೇಡಿ. ಗಿರಾಕಿಗಳ ಮದುವೆ ವಿಡಿಯೋ ಇರುವ ಕಂಪ್ಯೂಟರಿಗೆ ವೈರಸ್ ಹೊಕ್ಕರೆ ಯಾರಿಗೆ ಏನು ಹೇಳುತ್ತೀರಿ?

ಪ್ರಶ್ನೆ: ಯಕ್ಷಗಾನದ ವಿಡಿಯೋದಲ್ಲಿ ಎಲ್‌ಇಡಿ ಲೈಟಿಗೆ ವೇಷದ ಮುಖ ನೀಲಿ ಮುದ್ದೆಯಾಗಿದೆ. ಯಾವ ಪ್ಲಗಿನ್ ಹಾಕಲಿ?
– ಓದುಗಿ, ಹೊನ್ನಾವರ

ಉತ್ತರ: ನೀಲಿ ಚಾನೆಲ್ ಕ್ಲಿಪ್ ಆಗಿದ್ದರೆ, ಅಂದರೆ ಕ್ಯಾಮೆರಾದ ಮಿತಿ ಮೀರಿ ಹೋಗಿದ್ದರೆ, ಆ ಜಾಗದ ನೀಲಿಯ ವಿವರ ದಾಖಲಾಗಿಯೇ ಇರುವುದಿಲ್ಲ. ಯಾವ ಪ್ಲಗಿನ್ನೂ ಅದನ್ನು ತರಲಾರದು. ನೀಲಿಯ ಸ್ಯಾಚುರೇಶನ್ ಇಳಿಸಿ ಕಣ್ಣಿಗೆ ಹೊಡೆಯದಂತೆ ಮಾಡಬಹುದು, ಅಷ್ಟೇ. ವೇಷಕ್ಕೆ ಬಣ್ಣ ಹಚ್ಚಿರುವುದರಿಂದ ಮೇಲೆ ಹೇಳಿದ ಚರ್ಮದ ಗೆರೆ ಇಲ್ಲಿ ಬಳಸಬೇಡಿ. ಮುಂದಿನ ಆಟಕ್ಕೆ ಆಟೋ ವೈಟ್ ಬ್ಯಾಲೆನ್ಸ್ ಬಂದ್ ಮಾಡಿ, ಎಕ್ಸ್‌ಪೋಶರ್ ಸ್ವಲ್ಪ ಇಳಿಸಿ. ಲೈಟಿನವರ ಹತ್ತಿರ ಮಾತಾಡಿ, ಮುಖಕ್ಕೆ ಬೀಳುವ ಒಂದು ಲೈಟಾದರೂ ಬಿಳಿ ಇಡಿಸಿ.