ಮಕ್ಕಳ ಮನಸ್ಸು: ‘ಸಿಟ್ಟು ಬಂತ್ರಿ’ ಅನ್ನುವ ಹುಡುಗ

ಪ್ರಶ್ನೆ: ಅಕ್ಕೋರಿಗೆ ನಮಸ್ಕಾರ. ನಾನು ಇಂಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮೂರನೇ ತರಗತಿಗೆ ಕಲಿಸುತ್ತೇನೆ. 28 ಮಕ್ಕಳಿದ್ದಾರೆ. ಒಬ್ಬ ಹುಡುಗನ ಅಪ್ಪ, ಅವ್ವ ದೀಪಾವಳಿ ಮುಗಿಸಿ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೋಗಿದ್ದಾರೆ. ಇವನು ಅಜ್ಜಿ ಹತ್ತಿರ ಇದ್ದಾನೆ. ಪಕ್ಕದಲ್ಲಿ ಕೂತವರಿಗೆ ಪಾಟಿಯಿಂದ ಹೊಡೆಯುತ್ತಾನೆ. ಸೋಮವಾರವಂತೂ ಜಾಸ್ತಿ. ಯಾಕೋ ಅಂದರೆ ‘ಸಿಟ್ಟು ಬಂತ್ರಿ’ ಅಂತಾನೆ, ಅಷ್ಟೇ. ಹೋದ ವಾರ ತಡೆಯಲಾಗದೆ ಕಿವಿ ಹಿಂಡಿದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಕ್ಕಳಿಗೆ ತಮ್ಮ ಭಾವನೆಗಳನ್ನು ಗುರುತಿಸಲು, ಹಿಡಿತದಲ್ಲಿಡಲು ಕಲಿಸಿ ಅಂತ ತರಬೇತಿಯಲ್ಲಿ ಹೇಳುತ್ತಾರೆ. ತರಗತಿಯೊಳಗೆ ಅದನ್ನು ಮಾಡುವುದು ಹೇಗೆ?

ಉತ್ತರ: ತಂಗಿ, ಮೊದಲು ಕಿವಿಯ ವಿಷಯ. ನಾಳೆ ಅವನನ್ನು ಹತ್ತಿರ ಕರೆದು, ‘ಅವತ್ತು ನನಗೂ ಸಿಟ್ಟು ಬಂದಿತ್ತು. ಕಿವಿ ಹಿಂಡಿದ್ದು ನನ್ನ ತಪ್ಪು, ಇನ್ನು ಮಾಡುವುದಿಲ್ಲ’ ಅಂತ ಹೇಳಿಬಿಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಕ್ಕಳನ್ನು ಹೊಡೆಯುವುದನ್ನೂ ಅವರ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಕಾಯ್ದೆ ಒಂದು ಕಡೆ ಇರಲಿ. ಸಿಟ್ಟು ಬಂದಾಗ ದೊಡ್ಡವರು ಏನು ಮಾಡುತ್ತಾರೆ ಅನ್ನುವುದನ್ನು ಆ ಹುಡುಗ ಅವತ್ತು ನಿಮ್ಮ ಕೈಯಿಂದ ಕಲಿತ. ನೀವು ತಪ್ಪು ಒಪ್ಪಿಕೊಂಡರೆ ಅದನ್ನೂ ಕಲಿಯುತ್ತಾನೆ.

ಸೋಮವಾರ ಜಾಸ್ತಿ ಅಂತ ಬರೆದಿದ್ದೀರಿ ಅಲ್ವಾ? ಭಾನುವಾರ ಸಂಜೆ ಅವ್ವನ ಫೋನ್ ಬರುತ್ತದೆಯಾ ಅಂತ ಅಜ್ಜಿಯನ್ನು ಕೇಳಿ ನೋಡಿ. ಅಥವಾ ಬರುತ್ತದೆ ಅಂತ ಕಾದು ಕೂತು, ಬಾರದೆ ಹೋಗುತ್ತದೆಯಾ ಅಂತಲೂ ಕೇಳಿ. ನನಗೇನೋ ಅನುಮಾನ ಅಲ್ಲೇ ಇದೆ.

ಗುಳೇದಗುಡ್ಡದಲ್ಲಿ ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು, ಖಣ ನೇಯುವವರ ಮನೆಯವಳು. ಇದ್ದಕ್ಕಿದ್ದಂತೆ ಬೇರೆಯವರ ನೋಟ್‌ಬುಕ್ ಹರಿಯುತ್ತಿದ್ದಳು. ಕೇಳಿದರೆ ಅದೇ ಉತ್ತರ, ‘ಸಿಟ್ಟು’. ಒಂದು ದಿನ ಊಟದ ಬಿಡುವಿನಲ್ಲಿ ಪಕ್ಕಕ್ಕೆ ಕೂತು ‘ಎಲ್ಲಿ ಬರುತ್ತದೆ ಆ ಸಿಟ್ಟು?’ ಅಂತ ಕೇಳಿದೆ. ಗಂಟಲು ಮುಟ್ಟಿ ತೋರಿಸಿದಳು. ಗಂಟಲಲ್ಲಿ ಕೂತಿರುವುದು ಸಿಟ್ಟಲ್ಲ, ಅಳು ಅಂತ ನನಗೆ ಆಗ ಹೊಳೆಯಿತು. ತಮ್ಮನಿಗೆ ಹುಷಾರಿಲ್ಲ, ಅವ್ವ ಆಸ್ಪತ್ರೆಯಲ್ಲಿ. ನಾಲ್ಕು ದಿನದಿಂದ ಇವಳ ತಲೆ ಬಾಚುವವರಿಲ್ಲ. ಉಳಿದ ಹುಡುಗಿಯರು ಜಡೆ ನೋಡಿ ನಕ್ಕಿದ್ದರು. ‘ಎಳಿ ಹರಿದಂಗ ಆಗ್ತೇತ್ರಿ ಅಕ್ಕೋರೆ’ ಅಂದಳು. ಮಗ್ಗದಲ್ಲಿ ಎಳೆ ಹರಿದರೆ ಅಪ್ಪ ಏನು ಮಾಡುತ್ತಾರೆ ಅಂತ ಕೇಳಿದೆ. ‘ಮಗ್ಗ ನಿಲ್ಲಸ್ತಾರ್ರಿ. ತುದಿ ಹುಡುಕಿ ಗಂಟು ಹಾಕ್ತಾರ್ರಿ.’ ಮರುದಿನದಿಂದ ಆ ತರಗತಿಯಲ್ಲಿ ಯಾರಾದರೂ ‘ಎಳಿ ಹರೀತು’ ಅಂದರೆ, ಎದ್ದು ಹೋಗಿ ನೀರು ಕುಡಿದು ಕಿಟಕಿ ಹತ್ತಿರ ಕೂತು ಬರಬಹುದು, ಯಾರೂ ಏನೂ ಕೇಳಬಾರದು ಅಂತ ಮಾಡಿದೆವು. ಸುಮ್ನೆ ಹೊರಗೆ ಹೋಗಲು ಕೆಲವರು ಅದನ್ನು ಬಳಸಿದರು, ನಿಜ. ಎರಡು ವಾರದಲ್ಲಿ ಅದು ತಾನಾಗಿಯೇ ನಿಂತಿತು.

ನಿಮ್ಮ ಹುಡುಗನ ಹತ್ತಿರ ಇರುವುದು ಒಂದೇ ಮಾತು. ಅವನಿಗೆ ಇನ್ನಷ್ಟು ಮಾತು ಕೊಡಿ. ಪುಸ್ತಕದ ಪದ ಬೇಡ, ಅವರ ಮನೆಯ ಮಾತೇ ಸಾಕು. ಅಂಜಿಕೆ, ನಾಚಿಕೆ, ಹೊಟ್ಟೆಕಿಚ್ಚು, ಕಿರಿಕಿರಿ, ಹಳಹಳಿ, ಹುರುಪು. ನಮ್ಮವರ ಮೇಲೆ ಮಾತ್ರ ಬರುವ ಸೆಡವು ಬೇರೆ, ಯಾರ ಮೇಲಾದರೂ ಬರುವ ಸಿಟ್ಟು ಬೇರೆ. ‘ಬ್ಯಾಸರ’ ಅನ್ನುವ ಮಾತಂತೂ ನಮ್ಮ ಕಡೆ ಎರಡು ಕೆಲಸ ಮಾಡುತ್ತದೆ. ಮಾಡಲು ಏನೂ ಇಲ್ಲದಿದ್ದರೂ ಬ್ಯಾಸರ, ಅವ್ವನ ನೆನಪಾದರೂ ಬ್ಯಾಸರ. ಯಾವ ಬ್ಯಾಸರ ಅಂತ ಕೇಳಬೇಕಾದವರು ನಾವು.

ಇದಕ್ಕೆ ಬೇರೆ ಪಿರಿಯಡ್ ಬೇಕಿಲ್ಲ. ಹಾಜರಿ ಕರೆಯುವಾಗ ‘ಹಾಜರ್ರಿ’ ಜೊತೆಗೆ ಇನ್ನೊಂದು ಮಾತು ಹೇಳಲಿ. 28 ಮಕ್ಕಳಿಗೆ ಐದು ನಿಮಿಷ ಸಾಕು. ನೀವೇ ಮೊದಲು ಶುರು ಮಾಡಿ, ‘ಇವತ್ತು ಬಸ್ ತಪ್ಪಿತು, ನನಗೆ ಕಿರಿಕಿರಿ ಆಗಿದೆ’ ಅಂತ. ‘ಏನೂ ಇಲ್ರಿ’ ಅಂದವರನ್ನು ಕೆದಕಬೇಡಿ.

ಹೆಸರು ಹೇಳಿದರೆ ಏನಾಗುತ್ತದೆ ಅಂತ ನೀವು ಕೇಳಬಹುದು. 2007ರಲ್ಲಿ ಅಮೆರಿಕದ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. ದೊಡ್ಡವರಿಗೆ ಸಿಟ್ಟಿನ, ಭಯದ ಮುಖಗಳನ್ನು ತೋರಿಸುತ್ತ ಮಿದುಳಿನ ಸ್ಕ್ಯಾನ್ ಮಾಡಿದ್ದರು. ಆ ಭಾವನೆಗೆ ಹೆಸರು ಹಚ್ಚಿದಾಗ, ಅಪಾಯ ಕಂಡರೆ ಮೊದಲು ಎಚ್ಚರಗೊಳ್ಳುವ ಅಮಿಗ್ಡಲಾ ಅನ್ನುವ ಭಾಗ ತಣ್ಣಗಾಯಿತು. ನನ್ನ ತರಗತಿಯಲ್ಲಿ ಸ್ಕ್ಯಾನ್ ಇರಲಿಲ್ಲ, ಆದರೆ ಮಾತು ಸಿಕ್ಕ ಮಗುವಿನ ಭುಜ ಕೆಳಗಿಳಿಯುವುದನ್ನು ನೋಡಿದ್ದೇನೆ. ಇನ್ನೊಂದು ಮಾತು. ತಡೆದುಕೊಳ್ಳುವ ಕೆಲಸ ಮಾಡುವ ಮಿದುಳಿನ ಮುಂಭಾಗ ಪೂರ್ತಿ ಬೆಳೆಯಲು 25ರ ಹತ್ತಿರ ವಯಸ್ಸು ಆಗಬೇಕು. 8 ವರ್ಷದವನಿಗೆ ‘ತಡಕೋ’ ಅಂದರೆ ಸಾಲದು, ಜೊತೆಗೆ ನಿಲ್ಲಬೇಕು.

ಪಾಟಿ ಎತ್ತಿದ ಹೊತ್ತಿಗೆ ಪಾಠ ಹೇಳಬೇಡಿ. ನಡುವೆ ನಿಂತು, ಕೈ ಹಿಡಿದು, ಮೆಲ್ಲಗೆ ‘ಸಿಟ್ಟು ಬರಲಿ, ಹೊಡೆಯೋದು ಬೇಡ’ ಅನ್ನಿ. ಪೆಟ್ಟು ತಿಂದ ಮಗುವನ್ನು ಮೊದಲು ನೋಡಿ, ನಾವು ಅದನ್ನು ಮರೆತುಬಿಡುತ್ತೇವೆ. ಆಮೇಲೆ ಇವನಿಗೆ, ಶಾಲೆಯಲ್ಲಿ ಕೊಡುವ ಬಿಸಿ ಹಾಲು ಆರಿಸುವಾಗ ಊದುವ ಹಾಗೆ ನಿಧಾನವಾಗಿ ಊದು ಅನ್ನಿ. ಉಸಿರು ಬಿಡುವುದು ಉದ್ದವಾದಷ್ಟು ಎದೆಬಡಿತ ನಿಧಾನವಾಗುತ್ತದೆ. ಇದನ್ನು ಎಲ್ಲ ಮಕ್ಕಳಿಗೂ ಶಾಂತವಾಗಿದ್ದಾಗಲೇ ರೂಢಿ ಮಾಡಿಸಿರಬೇಕು, ಇಲ್ಲದಿದ್ದರೆ ಆ ಹೊತ್ತಿಗೆ ನೆನಪಾಗುವುದಿಲ್ಲ. ‘ಸಾರಿ ಹೇಳು’ ಅಂತ ಬಲವಂತ ಬೇಡ. ಒಡೆದ ಬಳಪದ ಬದಲು ತನ್ನ ಬಳಪ ಕೊಡಲಿ.

ಹೆಡ್ ಮಾಸ್ತರರನ್ನು ಕೇಳಿಕೊಂಡು ವಾರಕ್ಕೊಮ್ಮೆ ಶಾಲೆಯಿಂದಲೇ ಅವನ ಅವ್ವನಿಗೆ ಫೋನ್ ಹಚ್ಚಿಕೊಡಿ. ಆದರೆ ‘ಯುಗಾದಿಗೆ ಬರ್ತಾರೆ’ ಅಂತ ನೀವಾಗಿ ಮಾತು ಕೊಡಬೇಡಿ. ಕಾರ್ಖಾನೆ ಯಾವಾಗ ನಿಲ್ಲುತ್ತದೆ ಅನ್ನುವುದು ಕಬ್ಬಿನ ಮೇಲಿದೆ.

ಹುಡುಗ ಊಟ ಬಿಟ್ಟರೆ, ನಿದ್ದೆಯಲ್ಲಿ ಬೆಚ್ಚಿದರೆ, ತನಗೇ ನೋವು ಮಾಡಿಕೊಂಡರೆ ಕಾಯಬೇಡಿ. ಮನಸ್ಸಿನ ಆರೋಗ್ಯಕ್ಕೆ ಸರ್ಕಾರ ನಡೆಸುವ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಪ್ರಶ್ನೆ: ಮಗ ಐದನೇ ತರಗತಿ. ಶಾಲೆಯ ಕಬಡ್ಡಿಯಲ್ಲಿ ಸೋತರೆ ಎಲ್ಲರೆದುರು ಅಳುತ್ತಾನೆ. ಗಂಡು ಹುಡುಗ ಹೀಗೆ ಅತ್ತರೆ ಹೇಗೆ? ಗದರಿಸಿ ಬಿಡಿಸಲೇ? – ಒಬ್ಬ ತಂದೆ, ಅಥಣಿ

ಉತ್ತರ: ಗದರಿಸಬೇಡಿ. ಅಳು ನಿಲ್ಲುತ್ತದೆ, ಅದರ ಜೊತೆಗೆ ನಿಮ್ಮ ಹತ್ತಿರ ಹೇಳಿಕೊಳ್ಳುವುದೂ ನಿಲ್ಲುತ್ತದೆ. ಅತ್ತು ಮುಗಿಸಲಿ, ನೀರು ಕೊಡಿ. ಸೋತಾಗ ನಿಮಗೆ ಹೇಗೆ ಆಗಿತ್ತು ಅಂತ ಒಂದು ಸಲ ಅವನಿಗೆ ಹೇಳಿ. ಬೆಳೆ ಕೈಕೊಟ್ಟ ವರ್ಷವೋ, ಫೇಲಾದ ಪರೀಕ್ಷೆಯೋ, ಯಾವುದಾದರೂ ಆಗಬಹುದು. ರಾತ್ರಿ ಊಟಕ್ಕೆ ಜೊತೆಗೆ ಕೂತಾಗ ಹೇಳಿದರೆ ಸಾಕು.