ಮುಂಬಾಗಿಲಿಗೆ ಯಾವ ಡೆಡ್‌ಬೋಲ್ಟ್ ಒಳ್ಳೆಯದು?

ಹಿಡಿಯ ಜೊತೆ ಬಂದ ಲಾಕ್ ಮಾತ್ರ ಇದೆ, ಬಾಗಿಲ ಪಕ್ಕದಲ್ಲೇ ಗಾಜಿದೆ, ಎರಡೂ ಕಡೆ ಕೀ ಹಾಕುವ ಡೆಡ್‌ಬೋಲ್ಟ್ ತಗೊಳ್ಳಲಾ ಅಂತ ಕೇಳಿದ್ದೀರಿ. ಡೆಡ್‌ಬೋಲ್ಟ್ ಖಂಡಿತ ಹಾಕಿಸಿ. ಹಿಡಿಯ ಲಾಕ್‌ನ ನಾಲಿಗೆ ಸ್ಪ್ರಿಂಗ್ ಮೇಲೆ ನಿಂತಿರುತ್ತದೆ, ತುದಿ ಓರೆಯಾಗಿರುತ್ತದೆ. ಸಾಧಾರಣ ಲಾಕ್ ಆದರೆ ಒಂದು ಪ್ಲಾಸ್ಟಿಕ್ ಕಾರ್ಡ್ ತೂರಿಸಿ ಅದನ್ನು ಹಿಂದಕ್ಕೆ ತಳ್ಳಬಹುದು. ಡೆಡ್‌ಬೋಲ್ಟ್‌ನಲ್ಲಿ ಆ ಸ್ಪ್ರಿಂಗ್ ಇಲ್ಲ. ಕೀಯನ್ನೋ, ಒಳಗಡೆ ಕೈಯಿಂದ ತಿರುಗಿಸುವ ಗುಬ್ಬಿಯನ್ನೋ (ಅದನ್ನೇ ತಿರುಪು ಅನ್ನುತ್ತೇನೆ) ತಿರುಗಿಸಿದರೆ ಮಾತ್ರ ಅದರ ಬೋಲ್ಟ್, ಅಂದರೆ ಲೋಹದ ಸರಳು, ಹಿಂದೆ ಸರಿಯುತ್ತದೆ.

ಆದರೆ ಬೀಗ ಆರಿಸುವ ಮೊದಲು ಚೌಕಟ್ಟು ನೋಡಿ. ಇದು ನಾನು ತಡವಾಗಿ ಕಲಿತದ್ದು. ಕೈಯಲ್ಲಿ ಹಿಡಿದರೇ ಭಾರ ಗೊತ್ತಾಗುವ ಬೀಗ ಹಾಕಿಸಿ ವರ್ಷಗಟ್ಟಲೆ ನೆಮ್ಮದಿಯಾಗಿದ್ದೆ. ಒಂದು ದಿನ ಸುಮ್ನೆ ಕುತೂಹಲಕ್ಕೆ ಚೌಕಟ್ಟಿನ ಸ್ಟ್ರೈಕ್ ಪ್ಲೇಟ್, ಅಂದರೆ ಬೋಲ್ಟ್ ಹೋಗಿ ಕೂರುವ ತೂತಿರುವ ಲೋಹದ ಪಟ್ಟಿ, ಬಿಚ್ಚಿದೆ. ಅದನ್ನು ಹಿಡಿದಿದ್ದದ್ದು ಎರಡು ಸ್ಕ್ರೂ, ಒಂದೊಂದೂ ನನ್ನ ಉಗುರಿನಷ್ಟು ಉದ್ದ! ಜೋರಾಗಿ ಒದ್ದರೆ ಬೀಗಕ್ಕೆ ಏನೂ ಆಗುವುದಿಲ್ಲ, ಪ್ಲೇಟ್ ಮರವನ್ನೇ ಸೀಳಿಕೊಂಡು ಬರುತ್ತದೆ. ಈಗ 75 ಮಿ.ಮೀ. ಸ್ಕ್ರೂ ಹಾಕಿದ್ದೇನೆ, ಹಿಂದಿನ ಗಟ್ಟಿ ಮರದವರೆಗೂ ಹೋಗುತ್ತವೆ. ಮೊದಲು ಸಣ್ಣ ಡ್ರಿಲ್‌ನಿಂದ ತೂತು ಮಾಡಿಕೊಳ್ಳಿ, ಇಲ್ಲದಿದ್ದರೆ ಮರ ಬಿರಿಯುತ್ತದೆ.

ಅದೇ ದಿನ ಇನ್ನೊಂದು ಗೊತ್ತಾಯಿತು. ನಮ್ಮ ಬಾಗಿಲನ್ನು ಸ್ವಲ್ಪ ಎಳೆದು ಹಿಡಿದರೆ ಮಾತ್ರ ತಿರುಪು ಪೂರ್ತಿ ತಿರುಗುತ್ತಿತ್ತು. ಮನೆಯವರಿಗೆಲ್ಲ ಅದು ಅಭ್ಯಾಸವೇ ಆಗಿಬಿಟ್ಟಿತ್ತು. ಬೋಲ್ಟ್ ತುದಿಗೆ ಚಾಕ್ ಸವರಿ ಬಾಗಿಲು ಮುಚ್ಚಿ ತಿರುಗಿಸಿದೆ. ಗುರುತು ಬಿದ್ದದ್ದು ತೂತಿನ ಅಂಚಿಗೆ. ಬೋಲ್ಟ್ ಸುಮಾರು 25 ಮಿ.ಮೀ. ಪೂರ್ತಿ ಹೊರಗೆ ಬರಬೇಕು. ಅರ್ಧಕ್ಕೆ ನಿಂತರೆ ಅದನ್ನು ಹಿಂದಕ್ಕೆ ತಳ್ಳಿಬಿಡಬಹುದು, ಡೆಡ್‌ಬೋಲ್ಟ್ ಅನ್ನುವ ಹೆಸರಿಗೇ ಅರ್ಥವಿಲ್ಲ. ಉಳಿಯಿಂದ ತೂತನ್ನು ಸ್ವಲ್ಪ ಅಗಲ, ಸ್ವಲ್ಪ ಆಳ ಮಾಡಿದೆ. ಹತ್ತು ನಿಮಿಷದ ಕೆಲಸ, ಅಷ್ಟೇ.

ಈಗ ನಿಮ್ಮ ಗಾಜಿನ ಪ್ರಶ್ನೆ. ಗಾಜು ಒಡೆದು ಕೈ ಹಾಕಿ ತಿರುಪು ತಿರುಗಿಸಬಹುದು ಅನ್ನುವ ಭಯ ನಿಜವೇ. ಆದರೂ ನಾನು ಎರಡೂ ಕಡೆ ಕೀ ಇರುವುದನ್ನು ಹಾಕಿಸುವುದಿಲ್ಲ. ರಾತ್ರಿ ಬೆಂಕಿ ಹೊತ್ತಿಕೊಂಡಿತು ಅಂದುಕೊಳ್ಳಿ. ಹೊಗೆಯಲ್ಲಿ ಕೀ ಎಲ್ಲಿ ಅಂತ ಹುಡುಕುತ್ತೀರಿ? ಮನೆಯಲ್ಲಿ ಮಕ್ಕಳೋ ವಯಸ್ಸಾದವರೋ ಇದ್ದರಂತೂ ಬೇಡವೇ ಬೇಡ. ಒಳಗೆ ತಿರುಪು ಇರುವುದನ್ನೇ ತಗೊಂಡು, ಗಾಜಿಗೆ ಸೆಕ್ಯುರಿಟಿ ಫಿಲ್ಮ್ (ಒಡೆದರೂ ಚೂರುಗಳನ್ನು ಹಿಡಿದಿಡುವ ಪಾರದರ್ಶಕ ಹಾಳೆ) ಅಂಟಿಸಿ ಅಥವಾ ನಡುವೆ ಪ್ಲಾಸ್ಟಿಕ್ ಪದರ ಇರುವ ಲ್ಯಾಮಿನೇಟೆಡ್ ಗಾಜು ಹಾಕಿಸಿ.

ಡಬ್ಬಿಯ ಮೇಲೆ ಎಎನ್‌ಎಸ್‌ಐ ಗ್ರೇಡ್ (ಬೀಗದ ಗಟ್ಟಿತನಕ್ಕೆ ಅಮೆರಿಕದ ಮಾನದಂಡದ ದರ್ಜೆ) ಬರೆದಿದ್ದರೆ 1 ಎಲ್ಲಕ್ಕಿಂತ ಗಟ್ಟಿ, 3 ಕಡಿಮೆ. ಅಂಕಿ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂದುಕೊಂಡು ಮೋಸ ಹೋಗಬೇಡಿ. ಮುಂಬಾಗಿಲಿಗೆ 1 ಸಿಕ್ಕರೆ ಸರಿ, 2 ಆದರೂ ನಡೆಯುತ್ತದೆ. ಡ್ರಿಲ್‌ಗೆ ಜಗ್ಗದ ಗಟ್ಟಿ ಉಕ್ಕಿನ ತುಣುಕು ಒಳಗಿದೆಯಾ ಕೇಳಿ. ಮೊಬೈಲ್‌ನಿಂದ ತೆರೆಯುವ ಲಾಕ್ ಅನುಕೂಲಕ್ಕೆ ಸರಿ, ಬೋಲ್ಟ್ ಮತ್ತು ಸ್ಕ್ರೂ ಮಾತ್ರ ಅಲ್ಲೂ ಅವೇ.

ಕೊಳ್ಳುವ ಮೊದಲು ಬಾಗಿಲಿನ ದಪ್ಪ ಅಳೆಯಿರಿ. ಈಗಾಗಲೇ ತೂತಿದ್ದರೆ ಅಂಚಿನಿಂದ ಅದರ ನಡುವಿಗೆ ಎಷ್ಟಿದೆ ನೋಡಿ, ಸಾಮಾನ್ಯವಾಗಿ 60 ಅಥವಾ 70 ಮಿ.ಮೀ. ಇರುತ್ತದೆ. ಒಂದು ವಿಷಯ ನೀವು ಬರೆದಿಲ್ಲ. ಬಾಗಿಲು ಹೊರಕ್ಕೆ ತೆರೆಯುತ್ತದಾ? ಹಾಗಿದ್ದರೆ ಹಿಂಜ್‌ನ ಪಿನ್ ಹೊರಗಡೆ ಇರುತ್ತದೆ, ಅದನ್ನು ಕಿತ್ತರೆ ಬೀಗದ ಗೊಡವೆಯೇ ಬೇಡ. ತಿಳಿಸಿ, ಅದಕ್ಕೇನು ಮಾಡಬಹುದು ನೋಡೋಣ.