‘ಊಟ ಆಯ್ತಾ’ ಅಂತ ಕೇಳಿದವನು

ನಾನು ಆಪ್ತಸಲಹೆಗಾರ್ತಿ. ನನ್ನ ಹತ್ತಿರ ಬಂದವರ ಕಥೆ ಇದು, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಪೀಣ್ಯದ ಕಡೆಯ ಹುಡುಗಿ, ಹತ್ತನೇ ಕ್ಲಾಸು, 16 ವರ್ಷ. ಅಮ್ಮ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಅಪ್ಪ ಊರಲ್ಲಿ, ಇದ್ದೂ ಇಲ್ಲದ ಹಾಗೆ. ಮುಟ್ಟು ನಿಂತು ಮೂರು ತಿಂಗಳಾದ ಮೇಲೆ ವಿಷಯ ಗೊತ್ತಾಗಿತ್ತು. ಹುಡುಗ ಅದೇ ಬೀದಿಗೆ ನೀರಿನ ಕ್ಯಾನ್ ಹಾಕುವವನು, 20 ವರ್ಷ.

ಅಮ್ಮ ತೀರ್ಮಾನ ಮಾಡಿಕೊಂಡೇ ಬಂದಿದ್ದರು. “ಹುಡುಗ ಒಪ್ಪಿದಾನೆ ಮೇಡಂ. ಸುಮ್ನೆ ದೇವಸ್ಥಾನದಲ್ಲಿ ತಾಳಿ ಕಟ್ಟಿಸಿಬಿಡ್ತೀವಿ. ನೀವು ಇವಳಿಗೊಂದು ಮಾತು ಹೇಳಿ.”

ಎರಡನೇ ಭೇಟಿಯಲ್ಲಿ ಹುಡುಗಿಯನ್ನು ಕೇಳಿದೆ, “ಅವನಲ್ಲಿ ಏನು ಇಷ್ಟ ಆಯ್ತು?” ತುಂಬ ಹೊತ್ತು ಸುಮ್ಮನಿದ್ದು ಹೇಳಿದಳು: “ಸ್ಕೂಲಿಂದ ಬಂದಾಗ ದಿನಾ ಊಟ ಆಯ್ತಾ ಅಂತ ಕೇಳ್ತಿದ್ದ.”

“ಡಬ್ಬಿ ಕಟ್ಟಿಟ್ಟೇ ಹೋಗ್ತಿದ್ನಲ್ಲೇ!” ಅಂದರು ಅಮ್ಮ.

“ಗೊತ್ತಮ್ಮ. ತಿಂತಿದ್ದೆ.”

ಆಮೇಲೆ ಆ ತಾಯಿ ನನಗೆ ಲೆಕ್ಕ ಒಪ್ಪಿಸತೊಡಗಿದರು. ಐದಕ್ಕೆ ಏಳುವುದು, ಎಂಟೂವರೆಗೆ ಪಂಚ್ ಆಗಬೇಕಾದದ್ದು, ಟಾರ್ಗೆಟ್ ಮುಗಿಯದಿದ್ದರೆ ಸೂಪರ್‌ವೈಸರ್ ಬೈಗುಳ, ಮನೆ ಸೇರುವಾಗ ಏಳೂವರೆ. ನಿಮ್ಮನ್ನು ಯಾರೂ ದೂರುತ್ತಿಲ್ಲ ಅಂದೆ. ಅವರಿಗೆ ಕೇಳಿಸಲಿಲ್ಲ ಅನ್ನಿಸುತ್ತೆ.

‘ಮೊಬೈಲಿಂದ ಹಾಳಾದಳು’ ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪಲ್ಲ. ದಿನಕ್ಕೆ ಮೂರ್ನಾಲ್ಕು ಗಂಟೆ ಖಾಲಿ ಇರುವ ಮನೆ. ‘ಮನೇಲಿ ಓದಿಕೊಳ್ಳಿ’ ಅಂತ ಶಾಲೆ ಹಾರಿಸಿದ ಸಂತಾನೋತ್ಪತ್ತಿ ಪಾಠ. ಮುಟ್ಟು ತಪ್ಪಿದರೆ ಯಾರಿಗೆ ಹೇಳಬೇಕು ಅಂತ ತಿಳಿಯದ ಹುಡುಗಿ. ಇಷ್ಟೂ ಗೊತ್ತಿದ್ದ ಒಬ್ಬ ದೊಡ್ಡವನು. ಹುಡುಗಿಯ ಊಟ ವಿಚಾರಿಸಿದವನಿಗೆ ಅವಳ ಯೂನಿಫಾರ್ಮ್ ಕಾಣಿಸಲಿಲ್ವಾ?

ನಾನು ಹೇಳಿದ್ದು ಇಷ್ಟು. ಮದುವೆ ಬೇಡ. 18 ತುಂಬದವಳಿಗೆ ತಾಳಿ ಕಟ್ಟಿದರೂ ಕರ್ನಾಟಕದ ಕಾನೂನಿನಲ್ಲಿ ಆ ಮದುವೆ ಅಸಿಂಧು, ಪೋಕ್ಸೋ (ಮಕ್ಕಳನ್ನು ಲೈಂಗಿಕ ಅಪರಾಧದಿಂದ ಕಾಯುವ ಕಾಯ್ದೆ) ಕೇಸೂ ಅದರಿಂದ ಹೋಗಲ್ಲ. ಮೆಡಿಕಲ್ ಶಾಪ್ ಮಾತ್ರೆ ಬೇಡವೇ ಬೇಡ, ರಕ್ತಸ್ರಾವ ನಿಲ್ಲದೆ ಬಂದವರನ್ನು ನೋಡಿದ್ದೇನೆ. ಸರ್ಕಾರಿ ಆಸ್ಪತ್ರೆಗೆ ಹೋಗಿ. ಗರ್ಭಪಾತಕ್ಕೆ 20 ವಾರದೊಳಗಾದರೆ ಒಬ್ಬ ವೈದ್ಯರ ಅಭಿಪ್ರಾಯ, ಪೋಷಕರ ಲಿಖಿತ ಒಪ್ಪಿಗೆ ಸಾಕು. ಇಂಥ ಮಕ್ಕಳಿಗೆ 24 ವಾರದವರೆಗೂ ಅವಕಾಶವಿದೆ, ಆಗ ಇಬ್ಬರು ವೈದ್ಯರು ಬೇಕು. ಆದರೆ ಮೊದಲು ಮಗಳನ್ನು ಕೇಳಿ.

ಕಷ್ಟದ ಮಾತು ಕೊನೆಗೆ ಬಂತು. 2012ರ ಪೋಕ್ಸೋ ಕಾಯ್ದೆ ಪ್ರಕಾರ, ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ನಾನೂ ತಿಳಿಸಬೇಕು. “ನಿಮ್ಮನ್ನ ನಂಬಿ ಬಂದ್ವಲ್ಲಾ ಮೇಡಂ” ಅಂತ ಕೂಗಾಡಿದರು. ಗರ್ಭಪಾತಕ್ಕೆ ಬಂದ ಅಪ್ರಾಪ್ತೆ ಮತ್ತು ಪೋಷಕರು ಕೇಳಿಕೊಂಡರೆ ವೈದ್ಯರು ಪೊಲೀಸರಿಗೆ ಹೆಸರು ಹೇಳಬೇಕಿಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ವೈದ್ಯರ ಬಗ್ಗೆ ಹೇಳಿದ್ದು, ಆಪ್ತಸಲಹೆಗಾರರ ಬಗ್ಗೆ ಅಲ್ಲ. ನಾನು ತಿಳಿಸಿದೆ. ಇಂದಿಗೂ ಅದನ್ನು ತಪ್ಪು ಅನ್ನಲಾರೆ. ಆದರೆ ಮೊದಲೇ ಹೇಳಬೇಕಿತ್ತು.

ಇಷ್ಟೆಲ್ಲದರ ನಡುವೆ ಹುಡುಗಿ ಕೇಳಿದ್ದು ಒಂದೇ: “ಮಿಸ್, ಪರೀಕ್ಷೆಗೆ ಕೂರಬಹುದಾ?” ಶಾಲೆಯವರು ಟಿಸಿ ಮಾತೆತ್ತಿದ್ದರು. ಎರಡು ಸಲ ಹೋಗಿ ಕೂತು ಮಾತಾಡಿದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ-1 ತಪ್ಪಿತು, ಪರೀಕ್ಷೆ-2 ಬರೆದಳು. ಗಣಿತ ಉಳಿದಿದೆ.

ಈಗ ಯಾರೇ ಬಂದರೂ ಪೊಲೀಸ್ ವಿಷಯವನ್ನು ಮೊದಲ ಐದು ನಿಮಿಷದಲ್ಲೇ ಹೇಳಿಬಿಡುತ್ತೇನೆ. ಹೋದ ತಿಂಗಳು ಒಬ್ಬ ತಾಯಿ ಅಷ್ಟು ಕೇಳಿ, ಮಗಳ ಕೈ ಹಿಡಿದು ಎದ್ದು ಹೋದರು. ಆಮೇಲೆ ಮೂರು ಸಲ ಫೋನ್ ಮಾಡಿದೆ. ತೆಗೆಯಲಿಲ್ಲ.